ತರಬೇತಿ ಕೊಟ್ಟರೆ ಪಂಚಾಯಿತಿ ಸುಧಾರಿಸುತ್ತಾ? ಕರ್ನಾಟಕದ 200 ಹಳ್ಳಿಗಳಲ್ಲಿ ನಡೆದ ಅಧ್ಯಯನದ ಬಗ್ಗೆ ಮಾತಾಡೋಣ

ಹೇಮೆದಂಡೆ

ಎಲ್ಲರಿಗೂ ನಮಸ್ಕಾರ. ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಗಳಿಗೆ ಸಂಪನ್ಮೂಲ ವ್ಯಕ್ತಿಯಾಗಿ ಹೋಗುತ್ತಿರುತ್ತೇನೆ. ಪ್ರತಿ ಚುನಾವಣೆ ಮುಗಿದಾಗಲೂ ಒಂದೇ ಮಾತು ಕೇಳಿಬರುತ್ತದೆ. ಹೊಸಬರಿಗೆ ಒಳ್ಳೆ ತರಬೇತಿ ಕೊಡಿ, ನಾಯಕತ್ವ ಬೆಳೆಯುತ್ತೆ, ಆಡಳಿತ ತಾನಾಗಿ ಸರಿಹೋಗುತ್ತೆ ಅಂತ. ರಾಜ್ಯದಲ್ಲಿ ಆರು ಸಾವಿರದ ಹತ್ತಿರ ಪಂಚಾಯಿತಿಗಳಿವೆ. ಸದಸ್ಯರು 90 ಸಾವಿರಕ್ಕೂ ಜಾಸ್ತಿ. ಇಷ್ಟು ಜನರನ್ನು ಕೂರಿಸಿ ಕಲಿಸುವುದು ಸಣ್ಣ ಖರ್ಚಲ್ಲ. ಇಂಥ ತರಬೇತಿಯಿಂದ ಊರಿಗೆ ಏನು ಸಿಕ್ಕಿತು ಅಂತ ಯಾರಾದರೂ ಅಳೆದು ನೋಡಿದ್ದಾರಾ?

ನೋಡಿದ್ದಾರೆ, ಅದೂ ನಮ್ಮ ಕರ್ನಾಟಕದಲ್ಲೇ. ಕೃಪಾ ಅನಂತಪುರ, ಕಬೀರ್ ಮಲಿಕ್ ಮತ್ತು ವಿಜಯೇಂದ್ರ ರಾವ್ 2014ರಲ್ಲಿ ಹೊರತಂದ ವರದಿ ಅದು. 100 ಹಳ್ಳಿಗಳಲ್ಲಿ ಜನರಿಗೆ ಪಂಚಾಯಿತಿ ವ್ಯವಹಾರದಲ್ಲಿ ಪಾಲ್ಗೊಳ್ಳುವ ತರಬೇತಿ ಕೊಟ್ಟರು. ಜನರನ್ನು ಒಗ್ಗೂಡಿಸಲು ಅನುವುಗಾರರೂ ಇದ್ದರು. ಇನ್ನು 100 ಹಳ್ಳಿಗಳಲ್ಲಿ ಇದ್ಯಾವುದನ್ನೂ ಮಾಡಲಿಲ್ಲ. ಯಾವ ಹಳ್ಳಿ ಯಾವ ಗುಂಪಿಗೆ ಅನ್ನುವುದನ್ನು ಲಾಟರಿ ರೀತಿಯಲ್ಲಿ ನಿರ್ಧರಿಸಿದ್ದರು. ಆಮೇಲೆ ಎರಡೂ ಗುಂಪಿನಲ್ಲಿ ಸಮೀಕ್ಷೆ ನಡೆಸಿ ಹೋಲಿಸಿದರು. ಶೇ 10ರಷ್ಟು ಹಳ್ಳಿಗಳಲ್ಲಂತೂ ನಾಲ್ಕು ವರ್ಷ ಹತ್ತಿರದಿಂದ ಗಮನಿಸಿ ಬರೆದಿಟ್ಟರು.

ಫಲಿತಾಂಶ: ಎರಡೂ ಗುಂಪಿನ ಹಳ್ಳಿಗಳು ಕಾಲಕ್ರಮದಲ್ಲಿ ಸುಧಾರಿಸಿದ್ದವು. ಆದರೆ ತರಬೇತಿ ಪಡೆದ ಹಳ್ಳಿ, ಪಡೆಯದ ಹಳ್ಳಿ ನಡುವೆ ಲೆಕ್ಕಕ್ಕೆ ಸಿಗುವಂಥ ವ್ಯತ್ಯಾಸ ಇರಲಿಲ್ಲ. ವರದಿಯ ಹೆಸರಿನಲ್ಲೇ "ಸೋಲು" ಅನ್ನುವ ಪದ ಇಟ್ಟಿದ್ದಾರೆ. ಸರ್ಕಾರಿ ಕಾರ್ಯಕ್ರಮದ ಬಗ್ಗೆ ಇಷ್ಟು ನೇರವಾಗಿ ಬರೆದದ್ದನ್ನು ನಾನು ಹೆಚ್ಚು ಕಂಡಿಲ್ಲ.

ನನ್ನ ಪ್ರಕಾರ ತರಬೇತಿ ಕ್ಷೇತ್ರದಲ್ಲಿರುವ ಪ್ರತಿಯೊಬ್ಬರೂ ಇದನ್ನು ಓದಬೇಕು. ನಿಮ್ಮ ಅನುಭವ ಏನು, ಹೇಳಿ.

ಬಯಲುಸೀಮೆ

ಇದಕ್ಕೆ ಅಧ್ಯಯನ ಯಾಕೆ ಬೇಕಿತ್ತು ಮೇಡಂ? ನಮ್ಮ ಊರಿನ ಕಟ್ಟೆ ಮೇಲೆ ಕೂತವರನ್ನು ಕೇಳಿದ್ದರೂ ಹೇಳುತ್ತಿದ್ದರು. ತರಬೇತಿ ಅಂದರೆ ಊಟ, ಬ್ಯಾಗು, ಪೆನ್ನು, ಭತ್ಯೆ. ಸಂಜೆ ಫೋಟೊ ತೆಗೆಸಿಕೊಂಡು ವಾಪಸ್ಸು. ಆ ದುಡ್ಡಲ್ಲಿ ಊರಿಗೊಂದು ಶುದ್ಧ ನೀರಿನ ಘಟಕ ಹಾಕಿದ್ದರೆ ಜನ ನೆನಪಿಡುತ್ತಿದ್ದರು.

ಅಂಕಿನೋಟ

ಬಯಲುಸೀಮೆಯವರೇ, ಸ್ವಲ್ಪ ತಡೀರಿ. "ವ್ಯತ್ಯಾಸ ಕಾಣಲಿಲ್ಲ" ಅನ್ನುವುದು ಬೇರೆ, "ಪ್ರಯೋಜನವೇ ಇಲ್ಲ" ಅನ್ನುವುದು ಬೇರೆ. ಹೋಲಿಕೆಗೆ ಇಟ್ಟ ಹಳ್ಳಿಗಳೂ ಸುಧಾರಿಸಿದ್ದವಲ್ಲ, ಅದು ಬಹಳ ಮುಖ್ಯ. ಆ ಗುಂಪು ಇಲ್ಲದೇ ಬರೀ ತರಬೇತಿ ಪಡೆದ ಹಳ್ಳಿಗಳನ್ನು ನೋಡಿದ್ದರೆ ಏನಾಗುತ್ತಿತ್ತು? "ಮೊದಲು ಹೀಗಿತ್ತು, ಈಗ ಹೀಗಾಗಿದೆ, ಎಲ್ಲ ನಮ್ಮ ತರಬೇತಿಯಿಂದ" ಅಂತ ದೊಡ್ಡ ಯಶಸ್ಸಿನ ವರದಿ ಬರುತ್ತಿತ್ತು. ನಮ್ಮಲ್ಲಿ ಬಹಳಷ್ಟು ಮೌಲ್ಯಮಾಪನ ನಡೆಯುವುದೇ ಹಾಗೆ. ತರಬೇತಿಗೆ ಮೊದಲು ಒಂದು ಪ್ರಶ್ನೆಪತ್ರಿಕೆ, ಮುಗಿದ ಮೇಲೆ ಅದೇ ಪ್ರಶ್ನೆಪತ್ರಿಕೆ. ಅಂಕ ಜಾಸ್ತಿ ಬಂದರೆ ಗೆದ್ದಂತೆ. ಪಂಚಾಯಿತಿಯಲ್ಲಿ ಏನು ಬದಲಾಯಿತು ಅನ್ನುವುದು ಆ ಹಾಳೆಯಲ್ಲಿ ಎಲ್ಲಿರುತ್ತೆ?

ಇನ್ನೊಂದು ಮಾತು. ಯಾಕೆ ಸೋತಿತು ಅನ್ನುವುದಕ್ಕೆ ಮೂರು ಕಾರಣಗಳನ್ನು ವರದಿ ಎತ್ತಿ ತೋರಿಸುತ್ತದೆ. ಅನುವುಗಾರರ ಗುಣಮಟ್ಟ ಊರಿಂದ ಊರಿಗೆ ಬೇರೆ ಇತ್ತು. ಮೇಲಿನ ಆಡಳಿತದಿಂದ ಬೆಂಬಲ ಸಿಗಲಿಲ್ಲ. ಊರೊಳಗಿನ ಅಸಮಾನತೆ ಎಷ್ಟು ಗಟ್ಟಿ ಅಂದರೆ ತರಬೇತಿಯಿಂದ ಅಲ್ಲಾಡುವಂಥದ್ದಲ್ಲ. ಜೊತೆಗೆ, ಸಮೀಕ್ಷೆಯ ಕಣ್ಣಿಗೆ ಬೀಳದ ಸಣ್ಣಸಣ್ಣ ಬದಲಾವಣೆಗಳು ಕೆಲವು ಹಳ್ಳಿಗಳಲ್ಲಿ ಆಗಿದ್ದವು ಅಂತಲೂ ಬರೆದಿದ್ದಾರೆ. ಹಾಗಾಗಿ ಇದನ್ನು "ತರಬೇತಿ ದಂಡ" ಅಂತ ಓದಬೇಡಿ. ತರಬೇತಿಯ ಸುತ್ತ ಏನೇನು ಇರಬೇಕಿತ್ತೋ ಅದು ಇರಲಿಲ್ಲ ಅಂತ ಓದಿ.

ಮಾಜಿ ಅಧ್ಯಕ್ಷೆ

ಹಿಂದಿನ ಒಂದು ಅವಧಿಯಲ್ಲಿ ನಾನು ನಮ್ಮ ಪಂಚಾಯಿತಿಗೆ ಅಧ್ಯಕ್ಷೆಯಾಗಿದ್ದೆ. ಊರಿನ ಹೆಸರು ಬೇಡ. ಸಾಮಾನ್ಯ ಮಹಿಳೆ ಮೀಸಲು ಬಂತು, ಮನೆಯವರು ನಿಲ್ಲಿಸಿದರು, ಗೆದ್ದೆ. ತರಬೇತಿಗೂ ಹೋದೆ. ತರಬೇತಿ ಕೆಟ್ಟದ್ದೇನಲ್ಲ. ಗ್ರಾಮಸಭೆ ಎಷ್ಟು ತಿಂಗಳಿಗೊಮ್ಮೆ, ಸ್ಥಾಯಿ ಸಮಿತಿ ಎಷ್ಟು, ಅಧ್ಯಕ್ಷರ ಅಧಿಕಾರ ಏನೇನು, ಎಲ್ಲ ಹೇಳಿದರು. ಬರೆದುಕೊಂಡು ಬಂದೆ.

ವಾಪಸ್ಸು ಬಂದು ನೋಡಿದರೆ ನನ್ನ ಡಿಜಿಟಲ್ ಸಹಿಯ ಡಾಂಗಲ್ (ಕಂಪ್ಯೂಟರ್‌ಗೆ ಹಾಕುವ ಪೆನ್‌ಡ್ರೈವ್‌ನಂಥದ್ದು) ಆಫೀಸಿನ ಡ್ರಾದಲ್ಲಿ ಇತ್ತು. ಪಾಸ್‌ವರ್ಡ್ ಕಂಪ್ಯೂಟರ್ ಆಪರೇಟರ್‌ಗೆ ಗೊತ್ತು, ನನಗೆ ಗೊತ್ತಿಲ್ಲ. ಹಣಕಾಸು ಆಯೋಗದ ಅನುದಾನ ಯಾರಿಗೆ ಪಾವತಿ ಆಗಬೇಕಾದರೂ ಅಧ್ಯಕ್ಷರದ್ದೂ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರದ್ದೂ ಎರಡು ಡಿಜಿಟಲ್ ಸಹಿ ಬೇಕು. ನಾನು ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹೊತ್ತಲ್ಲಿ ನನ್ನ ಸಹಿ ಪಂಚಾಯಿತಿಯಲ್ಲಿ ಬೀಳುತ್ತಿತ್ತು. ಇದನ್ನು ಯಾವ ತರಬೇತಿಯಲ್ಲೂ ಯಾರೂ ಹೇಳಲಿಲ್ಲ.

ನನಗೆ ಕೆಲಸ ಕಲಿಸಿದವರು ನಮ್ಮದೇ ಪಂಚಾಯಿತಿಯ ಒಬ್ಬ ಹಿರಿಯ ಸದಸ್ಯೆ. ಹಿಂದೆ ಒಂದು ಅವಧಿ ಅವರು ಸದಸ್ಯೆಯಾಗಿದ್ದವರು. "ಮೊದಲು ಆ ಡಾಂಗಲ್ ಇಸ್ಕೊಂಡು ಪಾಸ್‌ವರ್ಡ್ ಬದಲಾಯಿಸು ತಾಯಿ, ಆಮೇಲೆ ಮಾತಾಡೋಣ" ಅಂದರು. ಮಾಡಿಸಿಕೊಂಡೆ. ಎರಡು ದಿನ ಆಫೀಸಿನಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ. ಮುಂದಿನ ಸಾಮಾನ್ಯ ಸಭೆಯಲ್ಲಿ ಖರ್ಚಿನ ಪಟ್ಟಿ ಓದುವಾಗ ಅವರು ನನ್ನ ಪಕ್ಕದಲ್ಲೇ ಕೂತರು. ಬೋರ್‌ವೆಲ್ ಮೋಟರ್ ರಿವೈಂಡಿಂಗ್ ಅಂತ ಎರಡು ಬಿಲ್ ಇದ್ದವು, ಒಂದೇ ಬೋರ್‌ವೆಲ್‌ಗೆ. ಅವರು ಮೆಲ್ಲಗೆ "ವಾಟರ್‌ಮನ್ ಕರೆಸು" ಅಂದರು. ಕರೆಸಿ ಕೇಳಿದೆ. ಅವನು "ಆ ಮೋಟರ್ ಒಂದೇ ಸಲ ಎತ್ತಿದ್ದು ಅಕ್ಕಾ" ಅಂದ. ಎಲ್ಲರೂ ಸುಮ್ಮನಾದರು. ಒಂದು ಬಿಲ್ ತಡೆಹಿಡಿದು ಠರಾವು ಬರೆಸಿದೆವು. ನಡಾವಳಿ ಪುಸ್ತಕದಲ್ಲಿ ನನ್ನ ಮಾತು ಅಂತ ಬಂದದ್ದು ಅದೇ ಮೊದಲು.

ಆ ಸಭೆ ಮುಗಿಸಿ ಬರುವಾಗ ನನಗೆ ಬಂದ ಧೈರ್ಯ ಯಾವ ತರಬೇತಿಯಿಂದಲೂ ಬಂದಿರಲಿಲ್ಲ.

ಕೊಪ್ಪಳ ಹುಡುಗ

ಅಕ್ಕಾರ, ಓದಿ ಮೈ ಜುಮ್ ಅಂತು. ಆ ಹಿರಿಯ ಸದಸ್ಯೆಗೆ ನನ್ನ ನಮಸ್ಕಾರ ತಿಳಿಸಿ.

ಎಂ.ಎ. ಓದುತ್ತಿದ್ದೇನೆ, ರಾಜ್ಯಶಾಸ್ತ್ರ. ಒಂದು ಪ್ರಶ್ನೆ. ಮಹಿಳಾ ಮೀಸಲಾತಿ ಬಗ್ಗೆ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಅವರದು ಒಂದು ಅಧ್ಯಯನ ಇದೆ ಅಂತ ನಮ್ಮ ಸರ್ ಹೇಳಿದ್ದರು. ಅದರಲ್ಲಿ ಫಲಿತಾಂಶ ಚೆನ್ನಾಗಿ ಬಂದಿದೆ ಅಂದರು. ಅಲ್ಲಿ ಯಾವ ತರಬೇತಿ ಕೊಟ್ಟಿದ್ದರು?

ಅಂಕಿನೋಟ

ತರಬೇತಿಯನ್ನು ಅಳೆಯುವ ಅಧ್ಯಯನವೇ ಅಲ್ಲ ತಮ್ಮಾ ಅದು. ಅಲ್ಲಿ ನೋಡಿದ್ದು ಕುರ್ಚಿ ಸಿಕ್ಕರೆ ಏನಾಗುತ್ತೆ ಅನ್ನುವುದನ್ನು.

ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ 2004ರಲ್ಲಿ ಪ್ರಕಟಿಸಿದ್ದು. ಪಶ್ಚಿಮ ಬಂಗಾಳದ ಬೀರ್‌ಭೂಮ್ ಮತ್ತು ರಾಜಸ್ಥಾನದ ಉದಯಪುರ, ಎರಡೂ ಸೇರಿ 265 ಪಂಚಾಯಿತಿಗಳು. ಅಧ್ಯಕ್ಷ ಸ್ಥಾನ ಯಾವ ಪಂಚಾಯಿತಿಯಲ್ಲಿ ಮಹಿಳೆಗೆ ಮೀಸಲಾಗಬೇಕು ಅನ್ನುವುದು ಯಾರ ಇಷ್ಟದ ಮೇಲೂ ನಿಂತಿರಲಿಲ್ಲ. ಅದರಿಂದ ಹೋಲಿಕೆ ನ್ಯಾಯವಾಗಿತ್ತು. ಮೀಸಲು ಪಂಚಾಯಿತಿಗಳಲ್ಲಿ ಕುಡಿಯುವ ನೀರಿಗೆ ಹೆಚ್ಚು ದುಡ್ಡು ಹೋಗಿತ್ತು. ಎರಡೂ ಕಡೆ ಹೆಂಗಸರು ಪಂಚಾಯಿತಿಗೆ ತರುತ್ತಿದ್ದ ದೂರಿನಲ್ಲಿ ನೀರೇ ದೊಡ್ಡದು. ರಸ್ತೆ ವಿಷಯ ಇನ್ನೂ ಚೆನ್ನಾಗಿದೆ. ಬಂಗಾಳದಲ್ಲಿ ಹೆಂಗಸರು ರಸ್ತೆ ಕೇಳುತ್ತಿದ್ದರು, ಅಲ್ಲಿ ರಸ್ತೆಗೂ ಜಾಸ್ತಿ ಖರ್ಚಾಯಿತು. ರಾಜಸ್ಥಾನದಲ್ಲಿ ರಸ್ತೆ ಕೇಳುತ್ತಿದ್ದದ್ದು ಗಂಡಸರು, ಅಲ್ಲಿ ಮಹಿಳಾ ಅಧ್ಯಕ್ಷರಿದ್ದ ಕಡೆ ರಸ್ತೆಗೆ ಕಡಿಮೆ ಹೋಯಿತು. "ಹಿಂದೆ ಗಂಡ ನಿಂತು ಆಡಿಸುತ್ತಾನೆ, ಇವರದ್ದೇನಿಲ್ಲ" ಅನ್ನುವುದಾಗಿದ್ದರೆ ದುಡ್ಡಿನ ದಾರಿ ಹೀಗೆ ಬದಲಾಗುತ್ತಿರಲಿಲ್ಲ.

ಇದರ ಮುಂದಿನ ಕೆಲಸ 2009ರಲ್ಲಿ ಬಂತು, ಲೋರಿ ಬೀಮನ್ ಮತ್ತು ಸಂಗಡಿಗರದ್ದು. ಒಂದೇ ಭಾಷಣವನ್ನು ಗಂಡು ದನಿಯಲ್ಲೂ ಹೆಣ್ಣು ದನಿಯಲ್ಲೂ ರೆಕಾರ್ಡ್ ಮಾಡಿ ಹಳ್ಳಿಯವರಿಗೆ ಕೇಳಿಸಿದರು. ಮಹಿಳಾ ಅಧ್ಯಕ್ಷೆಯನ್ನೇ ಕಂಡಿರದ ಊರಲ್ಲಿ ಗಂಡಸರು ಹೆಣ್ಣು ದನಿಗೆ ಕಡಿಮೆ ಅಂಕ ಕೊಟ್ಟರು. ಅದೇ ಮಾತು, ಅದೇ ವಿಷಯ! ಮಹಿಳಾ ಅಧ್ಯಕ್ಷೆಯ ಆಡಳಿತ ಕಂಡ ಊರುಗಳಲ್ಲಿ ಆ ತಾರತಮ್ಯ ಬಹಳ ಮಟ್ಟಿಗೆ ಇಳಿದಿತ್ತು. ಎರಡು ಅವಧಿ ಮೀಸಲಾದ ಕಡೆ, ಮೀಸಲು ಹೋದ ಮೇಲೂ ಹೆಂಗಸರು ನಿಂತು ಗೆಲ್ಲುವುದು ಹೆಚ್ಚಾಯಿತು.

2012ರಲ್ಲಿ ಅದೇ ತಂಡ ಬಂಗಾಳದ 495 ಹಳ್ಳಿಗಳ ಮಕ್ಕಳನ್ನು ನೋಡಿತು. ಎರಡು ಅವಧಿ ಮಹಿಳೆ ಅಧ್ಯಕ್ಷರಾಗಿದ್ದ ಊರಲ್ಲಿ, ಮುಂದೇನಾಗಬೇಕು ಅನ್ನುವ ಕನಸಿನಲ್ಲಿ ಹುಡುಗ ಹುಡುಗಿಯರ ನಡುವಿನ ಅಂತರ ಶೇ 32ರಷ್ಟು ಕಡಿಮೆಯಾಗಿತ್ತು. ಓದಿನಲ್ಲಿ ಇದ್ದ ಅಂತರ ಅಳಿಸಿಯೇ ಹೋಗಿತ್ತು. ಹುಡುಗಿಯರು ಮನೆಗೆಲಸಕ್ಕೆ ಕೊಡುವ ಹೊತ್ತೂ ಇಳಿದಿತ್ತು.

ನಾನು ಮತ್ತೆ ಮತ್ತೆ ಹೇಳುವುದು ಇದನ್ನೇ: ಎರಡು ಅವಧಿ. ಒಂದು ಅವಧಿಯಲ್ಲಿ ಇಂಥ ಬದಲಾವಣೆ ಕಾಣಲಿಲ್ಲ.

ಹೇಮೆದಂಡೆ

ಈ ಮಾತಿಗೆ ನಮ್ಮ ರಾಜ್ಯದ ಕಥೆ ಸೇರಿಸುತ್ತೇನೆ, ಯಾಕೆಂದರೆ ನನಗೆ ಇದರಲ್ಲಿ ಬಹಳ ಬೇಸರವಿದೆ. ಇಲ್ಲಿ ಗ್ರಾಮ ಪಂಚಾಯಿತಿ ಅಧ್ಯಕ್ಷರ ಅವಧಿ 30 ತಿಂಗಳು. ನಡುವೆ ಐದು ವರ್ಷ ಮಾಡಿದ್ದರು, 2020ರಲ್ಲಿ ಮತ್ತೆ 30 ತಿಂಗಳಿಗೆ ತಂದರು. ಆ ವರ್ಷದ ಡಿಸೆಂಬರ್‌ನಲ್ಲಿ ಆಯ್ಕೆಯಾದ ಸದಸ್ಯರಲ್ಲಿ ಅಧ್ಯಕ್ಷರಾದವರು 2023ರ ಹೊತ್ತಿಗೆ ಕೆಳಗಿಳಿದರು, ಮೀಸಲಾತಿ ಬದಲಾಯಿತು.

30 ತಿಂಗಳಲ್ಲಿ ಏನಾಗುತ್ತೆ ಲೆಕ್ಕ ಹಾಕಿ. ಮೊದಲ ವರ್ಷ ಕಡತ ಅರ್ಥವಾಗುವುದಕ್ಕೇ ಬೇಕು. ಕ್ರಿಯಾ ಯೋಜನೆ ಮಾಡಿ, ಅನುಮೋದನೆ ಪಡೆದು, ಕಾಮಗಾರಿ ಶುರುವಾಗುವ ಹೊತ್ತಿಗೆ ಎರಡನೇ ವರ್ಷ. ಕೈ ಪಳಗಿತು ಅನ್ನುವಾಗ ಕುರ್ಚಿ ಖಾಲಿ. ತರಬೇತಿಗೆ ಎಷ್ಟೇ ದುಡ್ಡು ಹಾಕಿದರೂ ಕಲಿತದ್ದನ್ನು ಬಳಸಲು ಸಮಯವೇ ಕೊಡದಿದ್ದರೆ ಅದು ಯಾರಿಗೆ ಉಪಯೋಗ?

ಪಿಡಿಒ ಮಿತ್ರ

ನಾನು ಅಧಿಕಾರಿ ಕಡೆಯಿಂದ ಮಾತಾಡುತ್ತೇನೆ, ಬೈಯಬೇಡಿ. ಮಾಜಿ ಅಧ್ಯಕ್ಷೆ ಮೇಡಂ ಹೇಳಿದ ಡಾಂಗಲ್ ವಿಷಯ ನೂರಕ್ಕೆ ನೂರು ತಪ್ಪು. ಅದನ್ನು ಸಮರ್ಥಿಸುವುದಿಲ್ಲ. ಆದರೆ ಪಂಚಾಯಿತಿ ಒಳಗಿನ ಪರಿಸ್ಥಿತಿಯನ್ನೂ ನೋಡಿ. ಎಷ್ಟೋ ಕಡೆ ಒಬ್ಬ ಪಿಡಿಒಗೆ ಎರಡು ಪಂಚಾಯಿತಿ ಪ್ರಭಾರ. ಇ-ಸ್ವತ್ತು (ಆಸ್ತಿ ದಾಖಲೆ), ಉದ್ಯೋಗ ಖಾತ್ರಿ, ತೆರಿಗೆ ವಸೂಲಿ, ವಸತಿ ಯೋಜನೆ, ಕುಡಿಯುವ ನೀರು, ಇದರ ಮೇಲೆ ದಿನಕ್ಕೊಂದು ಗೂಗಲ್ ಮೀಟ್. ಮೇಲಿನಿಂದ ಕೇಳುವುದು "ಪ್ರಗತಿ ಎಷ್ಟು ಪರ್ಸೆಂಟ್" ಅಂತ ಮಾತ್ರ. "ಅಧ್ಯಕ್ಷರಿಗೆ ವಿಷಯ ವಿವರಿಸಿದಿರಾ" ಅಂತ ಯಾವ ಪರಿಶೀಲನಾ ಸಭೆಯಲ್ಲೂ ನನ್ನನ್ನು ಕೇಳಿಲ್ಲ. ಕೇಳದ ಕೆಲಸ ಹಿಂದೆ ಬೀಳುತ್ತದೆ.

ಇನ್ನೊಂದು. ಸದಸ್ಯರಿಗೆ ನೀವು ಕಾಯ್ದೆ ಹೇಳಿಕೊಡುತ್ತೀರಿ. ನಮಗೆ ಬರುವುದು ಸುತ್ತೋಲೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ (2021ರಿಂದ 2026ರವರೆಗಿನದ್ದು) ಶೇ 60ರಷ್ಟನ್ನು ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದರು. ಉಳಿದದ್ದರ ಮೇಲೆ ಮಾತ್ರ ಪಂಚಾಯಿತಿಗೆ ಒಂದಿಷ್ಟು ಸ್ವಾತಂತ್ರ್ಯ ಇತ್ತು. ತರಬೇತಿ ಮುಗಿಸಿ ಉತ್ಸಾಹದಿಂದ ಬಂದ ಸದಸ್ಯ "ನಮ್ಮ ವಾರ್ಡಿಗೆ ಗ್ರಂಥಾಲಯ ಮಾಡೋಣ" ಅಂದಾಗ "ಇದಕ್ಕೆ ಅವಕಾಶ ಇಲ್ಲ ಸರ್, ಖರ್ಚು ಹಾಕಲು ಲೆಕ್ಕಶೀರ್ಷಿಕೆಯೇ ಇಲ್ಲ" ಅನ್ನಬೇಕಾದವನು ನಾನು. ಎರಡು ಸಲ ಹಾಗಾದ ಮೇಲೆ ಅವರು ಕೇಳುವುದನ್ನೇ ಬಿಡುತ್ತಾರೆ. ಆ ಮುಖ ನೋಡುವುದು ನನಗೂ ಕಷ್ಟ.

ಬಯಲುಸೀಮೆ

ಸರ್, ನೀವು ಹೇಳಿದ್ದು ಒಪ್ಪುವಂಥದ್ದೇ. ಆದರೆ ಅಧಿಕಾರಿ ಒಳ್ಳೆಯವರಾಗಿ ಸಿಕ್ಕರೆ ಮಾತ್ರ ಪಂಚಾಯಿತಿ ನಡೆಯುತ್ತೆ ಅಂದರೆ, ಅದು ಜನರ ಆಡಳಿತ ಹೇಗಾಗುತ್ತೆ? ಐಎಎಸ್ ಪಾಸಾದವರಿಗೆ ಮಸ್ಸೂರಿ, ಜಿಲ್ಲಾ ತರಬೇತಿ ಎಲ್ಲ ಸೇರಿ ಎರಡು ವರ್ಷ. ಸಂಬಳ ಕೊಟ್ಟು, ಜಿಲ್ಲೆಯಲ್ಲಿ ಬೇರೆಬೇರೆ ಕಚೇರಿಗೆ ಹಾಕಿ, ಕೈ ಹಿಡಿದು ಕಲಿಸುತ್ತಾರೆ. ಕೂಲಿ ಬಿಟ್ಟು ಬರುವ ನಮ್ಮ ಸದಸ್ಯೆಗೆ ಕೆಲವು ದಿನ ಕೂರಿಸಿ ಭಾಷಣ. ಆಮೇಲೆ "ಇವರಿಗೆ ಸಾಮರ್ಥ್ಯ ಇಲ್ಲ" ಅನ್ನುವವರೂ ಅವರೇ.

ಅಂಕಿನೋಟ

ಬಯಲುಸೀಮೆಯವರು ಎತ್ತಿದ "ಸಾಮರ್ಥ್ಯ ಇಲ್ಲ" ಅನ್ನುವ ಮಾತಿಗೂ ಅಧ್ಯಯನ ಇದೆ. ರಾಡು ಬಾನ್ ಮತ್ತು ವಿಜಯೇಂದ್ರ ರಾವ್ 2008ರಲ್ಲಿ ಪ್ರಕಟಿಸಿದ್ದು, ದಕ್ಷಿಣದ ನಾಲ್ಕು ರಾಜ್ಯಗಳಲ್ಲಿ ನಡೆಸಿದ್ದು. ಮೀಸಲಾತಿಯಿಂದ ಬಂದ ಅಧ್ಯಕ್ಷೆಯರು ಬರೀ ಹೆಸರಿಗಷ್ಟೇ ಅನ್ನುವ ಮಾತು ಅಲ್ಲಿ ನಿಲ್ಲಲಿಲ್ಲ. ಯಾರು ಚೆನ್ನಾಗಿ ಕೆಲಸ ಮಾಡಿದರು ಅಂತ ನೋಡಿದಾಗ ಎದ್ದು ಕಂಡದ್ದು: ರಾಜಕೀಯ ಅನುಭವ ಇದ್ದವರು, ಮೇಲ್ಜಾತಿಗಳ ಹಿಡಿತ ಕಡಿಮೆ ಇದ್ದ ಊರಿನವರು, ಮೀಸಲಾತಿ ಪದ್ಧತಿ ಹಳೆಯದಾಗಿ ಬೇರೂರಿದ ರಾಜ್ಯದವರು.

ನೋಡಿ, 2014ರ ವರದಿಯೂ ಕೊನೆಗೆ ಬೆರಳಿಟ್ಟದ್ದು ಇದೇ ಅಸಮಾನತೆ ಮೇಲೆ.

ಮಾಜಿ ಅಧ್ಯಕ್ಷೆ

ಅದು ನಿಜ. ನನ್ನ ಪಕ್ಕದ ಪಂಚಾಯಿತಿಯಲ್ಲಿ ಪರಿಶಿಷ್ಟ ಜಾತಿಯ ಹೆಣ್ಣುಮಗಳು ಅಧ್ಯಕ್ಷೆಯಾಗಿದ್ದಳು. ನಾನು ಮೋಟರ್ ಬಿಲ್ ತಡೆದಾಗ ಎರಡು ದಿನ ಮುನಿಸು, ಮುಗೀತು. ಅವಳು ಹಾಗೇ ಪ್ರಶ್ನೆ ಕೇಳಿದ್ದಕ್ಕೆ ಸದಸ್ಯರು ಸಭೆಗೇ ಬರಲಿಲ್ಲ. ಕೋರಂ (ಸಭೆ ನಡೆಸಲು ಬೇಕಾದಷ್ಟು ಹಾಜರಿ) ಇಲ್ಲ, ಸಭೆ ಮುಂದಕ್ಕೆ. ಮತ್ತೆ ಕೋರಂ ಇಲ್ಲ, ಮತ್ತೆ ಮುಂದಕ್ಕೆ. ಆಮೇಲೆ ಅವಿಶ್ವಾಸದ ಬೆದರಿಕೆ. ಅವಳು ತರಬೇತಿಯಲ್ಲಿ ನನಗಿಂತ ಚುರುಕಾಗಿದ್ದವಳು. ಪ್ರಶ್ನೆ ಕೇಳಿ ಕೇಳಿ ಸಂಪನ್ಮೂಲ ವ್ಯಕ್ತಿಗಳನ್ನು ಸುಸ್ತು ಮಾಡುತ್ತಿದ್ದಳು. ಅವಳಿಗೆ ಕಡಿಮೆ ಇದ್ದದ್ದು ನಾಯಕತ್ವ ಅಲ್ಲ.

ಹೇಮೆದಂಡೆ

ಅಕ್ಕಾ, ನಿಮ್ಮ ಈ ಮಾತನ್ನು ನಮ್ಮ ಮುಂದಿನ ಪಠ್ಯ ಸಮಿತಿ ಸಭೆಯಲ್ಲಿ ಓದುತ್ತೇನೆ, ನಿಮ್ಮ ಒಪ್ಪಿಗೆ ಇದ್ದರೆ. ಕೋರಂ ಮುರಿದಾಗ ಏನು ಮಾಡಬೇಕು, ಯಾರಿಗೆ ಬರೆಯಬೇಕು, ಬೆದರಿಕೆ ಬಂದರೆ ಯಾರನ್ನು ಹಿಡಿಯಬೇಕು, ಇದೆಲ್ಲ ನಮ್ಮ ಪಠ್ಯದಲ್ಲಿ ಒಂದು ಸಾಲೂ ಇಲ್ಲ. ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಸ್ಥಾನ ಕೊಟ್ಟ 73ನೇ ತಿದ್ದುಪಡಿಯ ಇತಿಹಾಸಕ್ಕೆ ಒಂದಿಡೀ ತರಗತಿ ಇದೆ.

ಮಾಜಿ ಅಧ್ಯಕ್ಷೆ

ಓದಿ ಮೇಡಂ. ಅವಳ ಗುರುತು ಸಿಗದ ಹಾಗೆ ಓದಿ, ಅಷ್ಟೇ.

ತ್ರಿಶೂರಿನಿಂದ

ಕೆಲಸದ ಮೇಲೆ ಕೇರಳದಲ್ಲಿರುವ ಕನ್ನಡಿಗ ನಾನು. ಇಲ್ಲಿನದ್ದು ಸ್ವಲ್ಪ ಹೇಳಲೇಬೇಕು. 1996ರಲ್ಲಿ ಇಲ್ಲಿ ಜನಕೀಯ ಯೋಜನೆ (ಜನರೇ ಸೇರಿ ಊರಿನ ಯೋಜನೆ ಮಾಡುವುದು) ಶುರು ಮಾಡಿದಾಗ ಮೊದಲು ಮಾಡಿದ್ದು ದುಡ್ಡಿನ ತೀರ್ಮಾನ. ರಾಜ್ಯದ ಯೋಜನಾ ವೆಚ್ಚದಲ್ಲಿ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟರು. ದುಡ್ಡು ಬರುತ್ತೆ ಅಂತ ಗೊತ್ತಾದ ಮೇಲೆ ದೊಡ್ಡ ಮಟ್ಟದಲ್ಲಿ ತರಬೇತಿ ನಡೆಯಿತು. ತ್ರಿಶೂರಿನ ಹತ್ತಿರ ಇರುವ ಕಿಲಾ ಅನ್ನುವ ಸಂಸ್ಥೆ ಈಗಲೂ ಈ ಕೆಲಸ ಮಾಡುತ್ತದೆ. 72 ಪಂಚಾಯಿತಿಗಳಲ್ಲಿ ನಡೆದ ಒಂದು ಅಧ್ಯಯನ 2007ರಲ್ಲಿ ಬಂತು, ಪ್ಯಾಟ್ರಿಕ್ ಹೆಲ್ಲರ್, ಕೆ.ಎನ್. ಹರಿಲಾಲ್, ಶುಭಂ ಚೌಧುರಿ ಅವರದ್ದು. ಜನರ ಪಾಲ್ಗೊಳ್ಳುವಿಕೆ ಹೆಚ್ಚಿದ್ದು, ಸೇವೆ ಸುಧಾರಿಸಿದ್ದು ಅದರಲ್ಲಿ ದಾಖಲಾಗಿದೆ.

ಕಲಿಯುವವರಿಗೆ ನಾಳೆ ಬೆಳಗ್ಗೆ ಬಳಸಲು ಏನೋ ಇತ್ತು. ಅದೇ ವ್ಯತ್ಯಾಸ ಅನ್ನಿಸುತ್ತೆ ನನಗೆ. 1998ರಲ್ಲಿ ಶುರುವಾದ, ಹೆಂಗಸರ ಗುಂಪುಗಳ ಕುಟುಂಬಶ್ರೀ ಕಾರ್ಯಕ್ರಮದಿಂದ ಬಂದವರು ಪಂಚಾಯಿತಿ ಚುನಾವಣೆಗೆ ನಿಲ್ಲುವುದು ಇಲ್ಲಿ ಮಾಮೂಲು. ನೆರೆಹೊರೆ ಗುಂಪಿನಲ್ಲಿ ಲೆಕ್ಕ ಬರೆದು, ಸಭೆ ನಡೆಸಿ, ಜಗಳ ಬಗೆಹರಿಸಿ, ಆಮೇಲೆ ವಾರ್ಡಿಗೆ ನಿಲ್ಲುತ್ತಾರೆ.

ಕೊಪ್ಪಳ ಹುಡುಗ

ಸರ್, ಕೇರಳದಲ್ಲಿ ಓದು ಬರಹ ಜಾಸ್ತಿ, ಭೂ ಸುಧಾರಣೆ ಆಗಿತ್ತು, ಅಲ್ಲಿಯದನ್ನು ಇಲ್ಲಿಗೆ ತಂದು ಹಾಕಲು ಆಗುತ್ತಾ?

ಹೇಮೆದಂಡೆ

ಕೇರಳಕ್ಕೇ ಯಾಕೆ ಹೋಗಬೇಕು ತಮ್ಮಾ, ನಮ್ಮಲ್ಲೇ ನಡೆದಿತ್ತಲ್ಲ! 1983ರ ಕಾಯ್ದೆ, 1987ರ ಜನವರಿಯಲ್ಲಿ ಚುನಾವಣೆ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿ. ಊರೂರಿಗೆ ಬೋರ್‌ವೆಲ್ ಹಾಕಿಸಿ "ನೀರ್ ಸಾಬ್" ಅಂತ ಜನರ ಬಾಯಲ್ಲಿ ಉಳಿದವರು. 73ನೇ ತಿದ್ದುಪಡಿಗಿಂತ ಎಷ್ಟೋ ಮೊದಲೇ ಹೆಂಗಸರಿಗೆ ಶೇ 25 ಮೀಸಲು ಆ ಕಾಯ್ದೆಯಲ್ಲಿತ್ತು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಇನ್ನೂ ದೊಡ್ಡ ವಿಷಯ ಅಂದರೆ, ಜಿಲ್ಲಾ ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಬಂದ ಐಎಎಸ್ ಅಧಿಕಾರಿ ಜಿಲ್ಲಾಧಿಕಾರಿಗಿಂತ ಹಿರಿಯರಾಗಿರುತ್ತಿದ್ದರು. ಅವರು ಕೆಲಸ ಮಾಡುತ್ತಿದ್ದದ್ದು ಚುನಾಯಿತ ಅಧ್ಯಕ್ಷರ ಕೈಕೆಳಗೆ.

ಇದರ ಅರ್ಥ ಗಮನಿಸಿ. ಆಗ ಮಾಡಿದ್ದು ಬರೀ ಸದಸ್ಯರನ್ನು ತಿದ್ದುವ ಕೆಲಸ ಅಲ್ಲ. ಅಧಿಕಾರಿ ಯಾರಿಗೆ ಉತ್ತರ ಕೊಡಬೇಕು ಅನ್ನುವುದನ್ನೇ ಬದಲಾಯಿಸಿದರು. ಪಿಡಿಒ ಮಿತ್ರರು ಹೇಳಿದ "ಯಾರೂ ನನ್ನನ್ನು ಕೇಳಿಲ್ಲ" ಅನ್ನುವ ಸಮಸ್ಯೆಗೆ ನೇರವಾಗಿ ಕೈ ಹಾಕಿದ್ದರು. ಆ ಪರಿಷತ್ತುಗಳ ಅವಧಿ 1992ರಲ್ಲಿ ಮುಗಿದು ಆಡಳಿತಾಧಿಕಾರಿಗಳು ಬಂದು ಕೂತರು. 1993ರ ಕಾಯ್ದೆ ಬಂದಾಗ ಆ ಗಟ್ಟಿತನ ಉಳಿಯಲಿಲ್ಲ. ನಜೀರ್ ಸಾಬ್ 1988ರಲ್ಲೇ ತೀರಿಕೊಂಡಿದ್ದರು. ಮೈಸೂರಿನ ತರಬೇತಿ ಸಂಸ್ಥೆಗೆ ಅವರ ಹೆಸರಿದೆ. ಹೆಸರಿನ ಜೊತೆ ಅವರ ಆ ಕೆಲಸವೂ ಉಳಿಯಬೇಕಿತ್ತು.

ಅಂಕಿನೋಟ

ಚರ್ಚೆಗೆ ಇನ್ನೊಂದು ಸೇರಿಸಿ ನಾನು ಸುಮ್ಮನಾಗುತ್ತೇನೆ. ತಮಿಳುನಾಡಿನ ಗ್ರಾಮಸಭೆಗಳಲ್ಲಿ ಯಾರು ಏನು ಮಾತಾಡಿದರು ಅನ್ನುವುದನ್ನು ಪೂರ್ತಿ ಬರೆದಿಟ್ಟು, ಕಂಪ್ಯೂಟರ್‌ನಿಂದ ವಿಶ್ಲೇಷಣೆ ಮಾಡಿದ ಕೆಲಸ 2019ರಲ್ಲಿ ಬಂತು. ರಮ್ಯಾ ಪಾರ್ಥಸಾರಥಿ, ವಿಜಯೇಂದ್ರ ರಾವ್, ನೇತ್ರಾ ಪಳನಿಸ್ವಾಮಿ ಅವರದ್ದು. ಹೆಂಗಸರು ಮಾತಾಡುವುದೇ ಕಡಿಮೆ. ಅವರು ಎತ್ತಿದ ವಿಷಯ ಮುಂದಕ್ಕೆ ಹೋಗುವುದು ಕಡಿಮೆ. ಅವರ ಪ್ರಶ್ನೆಗೆ ಅಧಿಕಾರಿಗಳಿಂದ ಸಂಬಂಧಪಟ್ಟ ಉತ್ತರ ಸಿಗುವುದೂ ಕಡಿಮೆ. ಆದರೆ ಅಧ್ಯಕ್ಷೆ ಹೆಂಗಸಾಗಿದ್ದ ಕಡೆ, ಹೆಂಗಸರ ಮಾತಿಗೆ ಆಕೆಯಿಂದ ಸ್ಪಂದನೆ ಹೆಚ್ಚಿತ್ತು.

ನನಗೆ ಈ ಅಳತೆ ಬಹಳ ಹಿಡಿಸಿತು. ತರಬೇತಿ ಮುಗಿದ ಮೇಲೆ ಅಂಕ ಎಷ್ಟು ಅನ್ನುವುದನ್ನು ಬಿಟ್ಟು ಸಭೆಯಲ್ಲಿ ಯಾರು ಮಾತಾಡಿದರು, ಯಾರಿಗೆ ಉತ್ತರ ಸಿಕ್ಕಿತು ಅಂತ ನೋಡಿ. ನಮ್ಮ ನಡಾವಳಿ ಪುಸ್ತಕಗಳಲ್ಲಿ ಅರ್ಧ ಉತ್ತರ ಇದ್ದೇ ಇದೆ.

ಪಿಡಿಒ ಮಿತ್ರ

ನಡಾವಳಿ ಬಗ್ಗೆ ಒಂದು ಎಚ್ಚರಿಕೆ. ಬಹಳ ಕಡೆ ಅದನ್ನು ಸಭೆ ಮುಗಿದ ಮೇಲೆ ಬರೆಯುತ್ತಾರೆ. "ಸದರಿ ವಿಷಯದ ಬಗ್ಗೆ ಕೂಲಂಕಷವಾಗಿ ಚರ್ಚಿಸಿ ಸರ್ವಾನುಮತದಿಂದ ಒಪ್ಪಿಗೆ ನೀಡಲಾಯಿತು" ಅನ್ನುವ ಒಂದೇ ವಾಕ್ಯ ಪುಟಗಟ್ಟಲೆ. ಯಾರು ವಿರೋಧಿಸಿದರು, ಯಾರು ಪ್ರಶ್ನೆ ಕೇಳಿದರು, ಏನೂ ಇರುವುದಿಲ್ಲ. ಸದಸ್ಯರು "ನನ್ನ ಆಕ್ಷೇಪಣೆ ದಾಖಲಿಸಿ" ಅಂತ ಬಾಯಿಬಿಟ್ಟು ಕೇಳಬೇಕು. ಬರೆದ ಮೇಲೆ ಓದಿಸಿ ಕೇಳಿ, ಆಮೇಲೆ ಸಹಿ ಹಾಕಬೇಕು. ಓದಲು ಬಾರದವರು ನಂಬಿಕೆಯವರಿಂದ ಓದಿಸಿಕೊಳ್ಳಬೇಕು. ಖಾಲಿ ಪುಟಕ್ಕೆ ಮಾತ್ರ ಯಾವ ಕಾರಣಕ್ಕೂ ಸಹಿ ಹಾಕಬೇಡಿ. ಅಧಿಕಾರಿಯಾಗಿ ನಾನೇ ಇದನ್ನು ಹೇಳುತ್ತಿದ್ದೇನೆ.

ಬಯಲುಸೀಮೆ

ನಾನು ಶುರುವಿನಲ್ಲಿ ನೀರಿನ ಘಟಕ ಅಂದಿದ್ದೆ. ಘಟಕ ಬೇಕು, ಅದರಲ್ಲಿ ಮಾತಿಲ್ಲ. ಆದರೆ ಘಟಕ ಕೆಟ್ಟಾಗ ಬಿಲ್ ಎಷ್ಟು ಅಂತ ಕೇಳುವ ಮಾಜಿ ಅಧ್ಯಕ್ಷೆಯಂಥವರೂ ಬೇಕು. ಹಾಗಾದರೆ ತರಬೇತಿ ಹೇಗಿರಬೇಕು ಮೇಡಂ? ಸ್ಪಷ್ಟವಾಗಿ ಹೇಳಿ.

ಹೇಮೆದಂಡೆ

ನನ್ನ ಕೈಗೆ ಕೊಟ್ಟರೆ ನಾನು ಮಾಡುವುದು ಇಷ್ಟು. ತಾಲ್ಲೂಕು ಕೇಂದ್ರದಲ್ಲಿ ಕೂರಿಸಿ ಹೇಳುವುದನ್ನು ಕಡಿಮೆ ಮಾಡುತ್ತೇನೆ. ಪ್ರತಿ ಹೊಸ ಅಧ್ಯಕ್ಷೆಗೆ ಅಕ್ಕಪಕ್ಕದ ಪಂಚಾಯಿತಿಯ ಒಬ್ಬ ಅನುಭವಿ ಮಾಜಿ ಅಧ್ಯಕ್ಷೆಯನ್ನು ಒಂದು ವರ್ಷ ಜೊತೆ ಮಾಡುತ್ತೇನೆ, ಗೌರವಧನ ಕೊಟ್ಟು. ಡಾಂಗಲ್, ಕ್ಯಾಶ್‌ಬುಕ್, ಅಳತೆ ಪುಸ್ತಕ, ನಡಾವಳಿ, ಈ ನಾಲ್ಕನ್ನು ಅವರ ಪಂಚಾಯಿತಿಯಲ್ಲೇ, ಅವರ ಕಡತ ಮುಂದಿಟ್ಟುಕೊಂಡು ಕಲಿಸುತ್ತೇನೆ. ಪಿಡಿಒ ಮತ್ತು ಅಧ್ಯಕ್ಷರನ್ನು ಒಟ್ಟಿಗೇ ಕೂರಿಸುತ್ತೇನೆ. ಈಗ ಇಬ್ಬರಿಗೂ ಬೇರೆಬೇರೆ ತರಬೇತಿ, ಬೇರೆಬೇರೆ ಪಾಠ. ಅನುವುಗಾರರನ್ನು ಗುತ್ತಿಗೆ ಮೇಲೆ ತಂದು ಮೂರು ತಿಂಗಳಿಗೆ ಬದಲಾಯಿಸುವುದನ್ನು ನಿಲ್ಲಿಸುತ್ತೇನೆ.

ಆದರೆ ಇದೆಲ್ಲ ಮಾಡಿದರೂ 30 ತಿಂಗಳು 30 ತಿಂಗಳೇ. ಆ ಕಾನೂನು ಬದಲಾಗಬೇಕು. ಅದಕ್ಕೆ ನಮ್ಮ ಶಾಸಕರ ಹತ್ತಿರ ಹೋಗಬೇಕು. ತರಬೇತಿ ಸಂಸ್ಥೆಗಳಿಂದ ಅದು ಆಗುವುದಿಲ್ಲ.

ಮಾಜಿ ಅಧ್ಯಕ್ಷೆ

ಜೊತೆ ಮಾಡುವ ಕೆಲಸಕ್ಕೆ ನನ್ನ ಹೆಸರು ಬರೆದುಕೊಳ್ಳಿ. ಗೌರವಧನ ಇಲ್ಲದಿದ್ದರೂ ಬಸ್ ಚಾರ್ಜ್ ಕೊಟ್ಟರೆ ಸಾಕು. ನಮ್ಮ ಹಿರಿಯ ಸದಸ್ಯೆಯನ್ನೂ ಕೇಳುತ್ತೇನೆ, ಅವರಿಗೆ ಮಂಡಿ ನೋವು, ದೂರದ ಊರಾದರೆ ಕಷ್ಟ.

ಕೊಪ್ಪಳ ಹುಡುಗ

ನನ್ನ ಅಕ್ಕ ಈ ಸಲ ಸದಸ್ಯೆ ಸ್ಥಾನಕ್ಕೆ ನಿಲ್ಲಬೇಕು ಅಂತಿದ್ದಾಳೆ. ಸ್ವಸಹಾಯ ಸಂಘದ ಲೆಕ್ಕ ಅವಳೇ ಬರೆಯುತ್ತಾಳೆ. ಈಗಿನಿಂದಲೇ ಅವಳು ಏನು ಓದಿಕೊಳ್ಳಬಹುದು?

ಪಿಡಿಒ ಮಿತ್ರ

ಓದುವುದಕ್ಕಿಂತ ಮೊದಲು ನಿಮ್ಮೂರಿನ ಜಮಾಬಂದಿಗೆ ಕರೆದುಕೊಂಡು ಹೋಗಿ. ಹಿಂದಿನ ವರ್ಷದ ಲೆಕ್ಕ, ಕಾಮಗಾರಿ ಪಟ್ಟಿ ಅಲ್ಲಿ ಜನರ ಮುಂದೆ ಇಡಲೇಬೇಕು. ಪಟ್ಟಿ ಕೈಯಲ್ಲಿ ಹಿಡಿದು ತನ್ನ ವಾರ್ಡಿನ ಕಾಮಗಾರಿಗಳನ್ನು ಒಂದೊಂದಾಗಿ ಹೋಗಿ ನೋಡಲಿ. ಚರಂಡಿ ಎಲ್ಲಿಂದ ಎಲ್ಲಿವರೆಗೆ ಅಂತ ಬರೆದಿದೆ, ನಿಜವಾಗಿ ಎಲ್ಲಿವರೆಗೆ ಇದೆ, ಹೆಜ್ಜೆ ಹಾಕಿ ಅಳೆಯಲಿ. ವಾರ್ಡ್ ಸಭೆ ಯಾವಾಗ ಅಂತ ಪಂಚಾಯಿತಿ ನೋಟಿಸ್ ಬೋರ್ಡಿನಲ್ಲಿ ಹಾಕುತ್ತಾರೆ. ಹಾಕಿಲ್ಲ ಅಂದರೆ ಲಿಖಿತವಾಗಿ ಕೇಳಲಿ, ಸ್ವೀಕೃತಿ ತೆಗೆದುಕೊಳ್ಳಲಿ.

ಕೊಪ್ಪಳ ಹುಡುಗ

ಸರಿ ಸರ್. ಅಕ್ಕನಿಗೆ ಈಗಲೇ ಓದಿ ಹೇಳಿದೆ. ಚರಂಡಿ ಅಳೆಯಲು ಟೇಪು ಯಾರ ಹತ್ತಿರ ಇದೆ ಅಂತ ಕೇಳುತ್ತಿದ್ದಾಳೆ.